ಸಾಫ್ಟ್‌ವೇರ್ ಪ್ರಾಜೆಕ್ಟ್ ಕೆಟ್ಟರೆ ಮೊದಲು ಎಲ್ಲಿ ನೋಡಬೇಕು: ಕ್ಲೈಂಟ್ ಮತ್ತು ಸಪ್ಲೈಯರ್ ನಡುವಿನ ದೋಷ ನಿವಾರಣೆ ಕೈಪಿಡಿ

ಇದು ಸಾಫ್ಟ್‌ವೇರ್ ಮಾಡಿಸುವವರಿಗೂ (ಕ್ಲೈಂಟ್) ಮಾಡಿಕೊಡುವವರಿಗೂ (ಸಪ್ಲೈಯರ್) ಒಟ್ಟಿಗೆ ಬರೆದದ್ದು. ಕಾಸರಗೋಡು ಜಿಲ್ಲೆಯಲ್ಲಿ ಮಾಡಿಸುವವರು ಹೆಚ್ಚಾಗಿ ಸಣ್ಣ ಮಟ್ಟದವರು. ಸೇವಾ ಸಹಕಾರಿ ಬ್ಯಾಂಕ್, ಅಡಿಕೆ ವ್ಯಾಪಾರಿ, ಖಾಸಗಿ ಆಸ್ಪತ್ರೆ, ಶಾಲೆಯ ಆಡಳಿತ ಮಂಡಳಿ, ಗಲ್ಫ್‌ನಲ್ಲಿ ಅಂಗಡಿ ಇಟ್ಟುಕೊಂಡು ಲೆಕ್ಕಪತ್ರ ಮಾತ್ರ ಊರಲ್ಲಿ ನೋಡಿಸುವವರು. ಮಾಡಿಕೊಡುವವರು ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಇರುತ್ತಾರೆ, ಇಲ್ಲವೇ ವಿದ್ಯಾನಗರ, ಕುಂಬಳೆ, ಉಪ್ಪಳದ ಕಡೆ ಎರಡು ಕೋಣೆಯ ಆಫೀಸಿನಲ್ಲಿ. ನಾನು ಎರಡೂ ಕಡೆ ಕೂತು ಕೆಲಸ ಮಾಡಿದ್ದೇನೆ. ಜಗಳ ಬಿಡಿಸಲು ಕರೆದಾಗ ಹೋಗಿಯೂ ಇದ್ದೇನೆ.

ಇಷ್ಟರಲ್ಲಿ ನನಗೆ ಗಟ್ಟಿಯಾದ ಒಂದು ಮಾತು ಇದು: ಜಗಳ ಕಾಣುವ ಜಾಗದಲ್ಲಿ ದೋಷ ಇರುವುದು ಕಡಿಮೆ. ಬಿಲ್ ಬಾಕಿ ಎಂದು ಎರಡೂ ಕಡೆಯವರು ಮುಖ ತಿರುಗಿಸಿಕೊಂಡಿರುತ್ತಾರೆ. ಹುಡುಕುತ್ತಾ ಹೋದರೆ, ತಿಂಗಳುಗಳ ಹಿಂದೆ ಯಾರೋ ಕೇಳಿದ ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರುವುದಿಲ್ಲ. ಹಾಗಾಗಿ ನಾನು ಹುಡುಕುವ ಕ್ರಮ ಹೀಗೆ. ತೀರ್ಮಾನ ಯಾರದು ಎಂದು ಮೊದಲು ನೋಡುತ್ತೇನೆ. ಆಮೇಲೆ ಕೆಲಸ ಮುಗಿಯಿತು ಎಂದು ಹೇಳುವವರು ಯಾರು, ಹೇಗೆ ಎಂದು. ಆಮೇಲೆ ಹಣ. ಕೋಡ್ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಕೋಡ್‌ನಿಂದ ಶುರು ಮಾಡಿ ಸುಸ್ತಾಗುತ್ತಾರೆ.

ಕೈ ಹಾಕುವ ಮೊದಲು

ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಬೇಡಿ. ಬೇರೆ ಬೇರೆಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿ: "ಈ ಸಾಫ್ಟ್‌ವೇರ್ ಬಂದ ಮೇಲೆ ಯಾರ ಯಾವ ಕೆಲಸ ಕಡಿಮೆಯಾಗಬೇಕು?" ಉತ್ತರವನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಮಾಲೀಕರು "ಸಂಜೆ ಕೂತಲ್ಲೇ ಸ್ಟಾಕ್ ಗೊತ್ತಾಗಬೇಕು" ಎನ್ನುತ್ತಾರೆ. ಸಾಫ್ಟ್‌ವೇರ್‌ನವರು "ಬಿಲ್ಲಿಂಗ್ ಬೇಗ ಆಗಬೇಕು" ಎನ್ನುತ್ತಾರೆ. ಹಾಗಿದ್ದರೆ ಮುಂದಿನ ತಪಾಸಣೆ ಅರ್ಧ ಮುಗಿದ ಹಾಗೆ. ಎರಡು ಉತ್ತರವೂ ತಪ್ಪಲ್ಲ. ಆದರೆ ಅವರು ಎರಡು ಬೇರೆ ಕೆಲಸಕ್ಕೆ ಕೈ ಹಾಕಿದ್ದಾರೆ.

ಆಮೇಲೆ ತೆರೆದು ಬಿಟ್ಟ ಪ್ರಶ್ನೆಗಳನ್ನು ಹೆಕ್ಕಿ. ಇಮೇಲ್, ವಾಟ್ಸ್‌ಆ್ಯಪ್, ಫೋನ್ ಮಾತಿನ ಟಿಪ್ಪಣಿ, ಎಲ್ಲಿದ್ದರೂ ಸರಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ ಸಾಕು: ಪ್ರಶ್ನೆ, ಕೇಳಿದ ದಿನ, ಯಾರನ್ನು ಕೇಳಿದ್ದು, ತೀರ್ಮಾನಿಸುವ ಅಧಿಕಾರ ಯಾರಿಗೆ. ಒಂದು ಸಹಕಾರಿ ಸಂಘದ ಕೆಲಸದಲ್ಲಿ ಸಿಕ್ಕಿದ ಸಾಲು ಹೀಗಿತ್ತು. ಪ್ರಶ್ನೆ: ಅವಧಿಗೆ ಮುಂಚೆ ಠೇವಣಿ ಮುರಿದರೆ ಬಡ್ಡಿ ಹೇಗೆ ಕಡಿತ ಮಾಡಬೇಕು? ಕೇಳಿದ್ದು: ಕೌಂಟರಿನ ಕ್ಲಾರ್ಕ್‌ರನ್ನು. ಅಧಿಕಾರ: ಆಡಳಿತ ಮಂಡಳಿಗೆ. ಮೂರನೇ ಕಾಲಮ್ ಮತ್ತು ನಾಲ್ಕನೇ ಕಾಲಮ್ ಹೊಂದದ ಸಾಲುಗಳಿಗೆ ಕೆಂಪು ಗುರುತು ಹಾಕಿ. ಕೆಂಪು ಜಾಸ್ತಿ ಇದ್ದರೆ ಕೋಡ್ ತೆರೆಯುವ ಅಗತ್ಯವೇ ಈಗ ಇಲ್ಲ.

ಲಕ್ಷಣ: "ನಾವು ಹೇಳಿದ್ದು ಒಂದು, ಇವರು ಮಾಡಿದ್ದು ಇನ್ನೊಂದು"

ಅತಿ ಹೆಚ್ಚು ಬರುವ ದೂರು ಇದು. ಬದಿಯಡ್ಕ ಕಡೆಯ ಒಬ್ಬ ಅಡಿಕೆ ವ್ಯಾಪಾರಿಯದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ದೋಷ ಹೇಗೆ ಹುಟ್ಟುತ್ತದೆ ಎನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಸಾಫ್ಟ್‌ವೇರ್ ತೋರಿಸುವ ಸ್ಟಾಕ್ ಜಾಸ್ತಿ, ಗೋಡೌನಿನಲ್ಲಿ ಇರುವುದು ಕಡಿಮೆ. ಮಾಲೀಕರು "ಸಾಫ್ಟ್‌ವೇರಿನಲ್ಲಿ ದೋಷ" ಎಂದರು. ಸಾಫ್ಟ್‌ವೇರ್‌ನವರು ಖರೀದಿ, ಮಾರಾಟ ಎರಡನ್ನೂ ಮತ್ತೆ ಮತ್ತೆ ಕೂಡಿಸಿ ಕಳೆದು ನೋಡಿದರು. ಲೆಕ್ಕ ಸರಿ ಬಂತು. ಅವರಿಗೆ ಗೋಡೌನಿನ ಎಂಟ್ರಿ ಮೇಲೆ ಅನುಮಾನ. ಗೋಡೌನ್ ನೋಡಿಕೊಳ್ಳುವವರಿಗೆ ತಮ್ಮ ಮೇಲೆ ಕಳ್ಳತನದ ಆರೋಪ ಬಂತಲ್ಲ ಎಂದು ಬೇಸರ. ಮೂವರೂ ಪ್ರಾಮಾಣಿಕರೇ. ಮೂವರೂ ಸರಿಯಾದದ್ದನ್ನೇ ಹೇಳುತ್ತಿದ್ದರು.

ಗೋಡೌನಿನಲ್ಲಿ ಗೋಣಿಗಳ ಪಕ್ಕ ನಿಂತು ನಾನು ಕೇಳಿದೆ: "ಅಣ್ಣಾ, ಜನವರಿಯಲ್ಲಿ ಕಟ್ಟಿಟ್ಟ ಗೋಣಿ ಈಗ ತೂಗಿದರೆ ಅಷ್ಟೇ ಬರ್ತದಾ?"

"ಎಲ್ಲಿಂದ ಬರುವುದು ಮಾರಾಯ್ರೆ! ಹೊಸ ಅಡಿಕೆ ಅಲ್ವಾ, ಇಟ್ಟಲ್ಲೇ ಒಣಗಿ ತೂಕ ಇಳೀತದೆ. ಮತ್ತೆ ಹೆಕ್ಕುವಾಗ ಕಡಿಮೆ ದರದ ಮಾಲು, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ ಹೋಗ್ತದೆ."

"ಇದನ್ನು ಸಾಫ್ಟ್‌ವೇರ್‌ನವರ ಹತ್ರ ಹೇಳಿದ್ರಾ?"

"ನನ್ನ ಹತ್ರ ಯಾರೂ ಕೇಳ್ಲಿಲ್ಲ."

ದೋಷ ಪೂರ್ತಿ ಆ ಕೊನೆಯ ಮಾತಿನಲ್ಲಿದೆ. ಮಾಲೀಕರು ಮೀಟಿಂಗಿನಲ್ಲಿ ಖರೀದಿ ಮತ್ತು ಮಾರಾಟ ಎಂದಷ್ಟೇ ಹೇಳಿದ್ದರು. ತೂಕ ಇಳಿಯುವುದು, ಒಂದೇ ಲಾಟ್ ಹೆಕ್ಕಿದ ಮೇಲೆ ನಾಲ್ಕು ದರದ ಮಾಲಾಗುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿರುವುದನ್ನು ಯಾರು ಹೇಳುತ್ತಾರೆ? ಇನ್ನೂ ಒಂದು ಇತ್ತು. ಈ ವರ್ಷದ ಹೊಸ ಅಡಿಕೆ ಗೋಡೌನಿನಲ್ಲಿ ಕೂತರೆ ಮುಂದೆ ಹಳೆ ಅಡಿಕೆಯಾಗುತ್ತದೆ, ದರ ಬದಲಾಗುತ್ತದೆ. ಯಾರೂ ಖರೀದಿಸದೆ, ಯಾರೂ ಮಾರದೆ ಮಾಲಿನ ವರ್ಗ ಬದಲಾಗುವ ವ್ಯಾಪಾರ ಇದು. ಸಾಫ್ಟ್‌ವೇರ್ ಮಾಡಿದ ಮಂಗಳೂರಿನ ಹುಡುಗರಿಗೆ ಅದು ತಾನಾಗಿ ಹೊಳೆಯಬೇಕು ಎಂದು ಬಯಸುವುದು ನ್ಯಾಯವಲ್ಲ. ಅವರು ಕೇಳಬಹುದಿತ್ತು ಎನ್ನುವುದೂ ನಿಜ.

ಸರಿಪಡಿಸಲು ಬೇಕಾದದ್ದು ಮೂರು ಹೊಸ ಎಂಟ್ರಿ. ತೂಕ ಇಳಿದದ್ದನ್ನು ದಿನಾಂಕ ಮತ್ತು ಕಾರಣದೊಂದಿಗೆ ಬರೆಯುವುದು. ಹೆಕ್ಕಿದ ಮೇಲೆ ಒಂದು ಲಾಟನ್ನು ಹಲವು ಮಾಡುವುದು. ಹೊಸತನ್ನು ಹಳೆಯದಕ್ಕೆ ವರ್ಗಾಯಿಸುವುದು. ಕೋಡಿನಲ್ಲಿ ಇದು ದೊಡ್ಡ ಕೆಲಸವೇ ಅಲ್ಲ.

ಹಾಗಾಗಿ ಈ ಲಕ್ಷಣ ಕಂಡಾಗ ಒಪ್ಪಂದದ ಕಾಗದ ತೆಗೆಯುವ ಮೊದಲು ಇಷ್ಟು ನೋಡಿ. ದುಡ್ಡು ಕೊಡುವವರು, ವಿವರಿಸಿದವರು, ದಿನಾಲೂ ಬಳಸುವವರು ಒಬ್ಬರೇನಾ? ಮೂರು ಬೇರೆ ಜನ ಎಂದಾದರೆ, ಬಳಸುವವರ ಜೊತೆ ಸಾಫ್ಟ್‌ವೇರ್‌ನವರು ಎಷ್ಟು ಹೊತ್ತು ಕೂತಿದ್ದಾರೆ? ಒಂದು ಪೂರ್ತಿ ಕೆಲಸದ ದಿನ ಕೂತಿಲ್ಲ ಎಂದಾದರೆ ದೋಷ ಅಲ್ಲೇ ಇದೆ ಎಂದು ಹಿಡಿಯಿರಿ. ಆ ದಿನದ ಖರ್ಚನ್ನು ಕೊಟೇಶನ್‌ನಲ್ಲೇ ಬರೆಯಬೇಕು. "ಸುಮ್ನೆ ಬಂದು ನೋಡಿ ಹೋಗಿ" ಎಂದರೆ ಯಾರೂ ಮನಸ್ಸಿಟ್ಟು ನೋಡುವುದಿಲ್ಲ.

ಲಕ್ಷಣ: ಕೆಲಸ ನಿಂತಿದೆ, ಯಾಕೆ ಎಂದು ಯಾರಿಗೂ ಗೊತ್ತಿಲ್ಲ

ಕೆಂಪು ಗುರುತಿನ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಹಕಾರಿ ಸಂಘಗಳಲ್ಲಿ ತೀರ್ಮಾನ ಆಡಳಿತ ಮಂಡಳಿಯದ್ದು, ಸಹಿ ಸೆಕ್ರೆಟರಿಯದ್ದು, ಬಳಕೆ ಕ್ಲಾರ್ಕ್‌ಗಳದ್ದು. ಮಂಡಳಿ ಮತ್ತೆ ಸೇರುವವರೆಗೆ ಪ್ರಶ್ನೆ ಕಾಯುತ್ತದೆ. ಸಾಫ್ಟ್‌ವೇರ್‌ನವರು ಎರಡರಲ್ಲಿ ಒಂದು ಮಾಡುತ್ತಾರೆ. ಕೈಕಟ್ಟಿ ಕೂರುತ್ತಾರೆ, ಅಥವಾ ತಮಗೆ ತೋಚಿದಂತೆ ಮಾಡಿ ಮುಂದೆ ಹೋಗುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಆ ಊಹೆಯ ಮೇಲೆ ಇನ್ನೂ ಹತ್ತು ಕೆಲಸ ಕಟ್ಟಿರುತ್ತಾರೆ. ತಪ್ಪು ಎಂದು ಗೊತ್ತಾಗುವ ಹೊತ್ತಿಗೆ ಅಷ್ಟೂ ಕಿತ್ತು ಮತ್ತೆ ಮಾಡಬೇಕು.

ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ ಎಂದು ಹೇಳುವವರಿದ್ದಾರೆ. ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ, ತೀರ್ಮಾನ ಯಾರದ್ದೂ ಅಲ್ಲ. ಲೆಕ್ಕ ಹಾಕಿ ನೋಡಿ. ಮೂರು ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡುವ ದಾರಿ 3. ಆರು ಜನವಾದರೆ 15. ಹತ್ತು ಜನವಾದರೆ 45. ಕೆಲಸ ತಡವಾಯಿತು ಎಂದು ಎರಡೂ ಕಡೆ ಇನ್ನಷ್ಟು ಜನ ಸೇರಿಸಿದರೆ ಮೊದಲು ಹೆಚ್ಚುವುದು ಈ ದಾರಿಗಳು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯ ಜಾಲತಾಣ ಹೆಲ್ತ್‌ಕೇರ್.ಗವ್ 2013ರ ಅಕ್ಟೋಬರ್ 1ರಂದು ಶುರುವಾಯಿತು. ಮೊದಲ ದಿನ ಕೊನೆಯ ಹಂತದವರೆಗೆ ಹೋಗಿ ವಿಮೆಗೆ ಸೇರಲು ಆದದ್ದು 6 ಮಂದಿಗೆ ಮಾತ್ರ. ಹತ್ತಾರು ಕಂಪನಿಗಳು ಒಂದೊಂದು ಭಾಗ ಮಾಡಿದ್ದವು. ಎಲ್ಲವನ್ನೂ ಜೋಡಿಸುವ ಹೊಣೆಯನ್ನು ಅನುಭವ ಇಲ್ಲದ ಸರ್ಕಾರಿ ಇಲಾಖೆಯೇ ಇಟ್ಟುಕೊಂಡಿತ್ತು. ಆ ತಿಂಗಳ ಕೊನೆಗೆ ಜೋಡಣೆಯ ಹೊಣೆಯನ್ನು ಒಂದು ಕಂಪನಿಗೆ ಕೊಟ್ಟರು, ಎಲ್ಲರನ್ನೂ ದಿನಾಲೂ ಒಂದೇ ಸಭೆಗೆ ಕರೆದರು. ಆಮೇಲೆ ಜಾಲತಾಣ ಸುಧಾರಿಸುತ್ತಾ ಬಂತು. ಕೋಡ್ ಬರೆದವರಲ್ಲಿ ಹೆಚ್ಚಿನವರು ಮೊದಲಿನವರೇ.

ನಮ್ಮ ಅಳತೆಗೆ ಇದರ ಪರಿಹಾರ ಸುಲಭ. ಎರಡೂ ಕಡೆ ಒಬ್ಬೊಬ್ಬರ ಹೆಸರು ಬರೆಯಿರಿ. ಕ್ಲೈಂಟ್ ಕಡೆಯವರಿಗೆ ಇಂತಿಷ್ಟು ರೂಪಾಯಿಯವರೆಗಿನ, ಇಂತಿಂಥ ವಿಷಯದ ತೀರ್ಮಾನ ತಾವೇ ಕೊಡಬಹುದು ಎಂದು ಮಂಡಳಿಯಿಂದ ಠರಾವು ಮಾಡಿಸಿ. ಉತ್ತರಕ್ಕೆ ಮೂರು ಕೆಲಸದ ದಿನ. ಅಷ್ಟರಲ್ಲಿ ಉತ್ತರ ಬರದಿದ್ದರೆ ಸಾಫ್ಟ್‌ವೇರ್‌ನವರು ಯಾವ ಊಹೆಯ ಮೇಲೆ ಮುಂದೆ ಹೋಗುತ್ತಾರೆ ಎಂದು ಪ್ರಶ್ನೆಯ ಜೊತೆಗೇ ಬರೆದು ಕಳಿಸಲಿ. "ಗುರುವಾರದೊಳಗೆ ತಿಳಿಸದಿದ್ದರೆ ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತೇವೆ" ಎಂಬ ಒಂದು ಸಾಲು ಎಷ್ಟು ಬೇಗ ಉತ್ತರ ತರುತ್ತದೆ ಎಂದು ನೋಡಿದವರಿಗೇ ಗೊತ್ತು.

ಲಕ್ಷಣ: "ನಮ್ಮಲ್ಲಿ ಸರಿಯಾಗೇ ಇದೆ"

ಸಾಫ್ಟ್‌ವೇರ್‌ನವರು ಈ ಮಾತು ಹೇಳಿದಾಗ ಕ್ಲೈಂಟ್‌ಗೆ ಸಿಟ್ಟು ಬರುತ್ತದೆ. ಆದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಂಪ್ಯೂಟರಿನಲ್ಲಿ ನಿಜವಾಗಿಯೂ ಸರಿಯಾಗಿದೆ. ಎರಡು ಕಡೆಯ ಡೇಟಾ ಬೇರೆ, ಅಷ್ಟೇ.

ನಮ್ಮ ಗಡಿನಾಡಿನಲ್ಲಿ ಇದು ಹೆಸರುಗಳಲ್ಲಿ ಜಾಸ್ತಿ ಕಾಣುತ್ತದೆ. ಒಂದೇ ಸದಸ್ಯರ ಹೆಸರು ಕನ್ನಡದಲ್ಲಿ ಒಂದು ಕಡೆ, ಮಲಯಾಳದಲ್ಲಿ ಇನ್ನೊಂದು ಕಡೆ, ಇಂಗ್ಲಿಷಿನಲ್ಲಿ ಮತ್ತೊಂದು ಕಡೆ ಇರುತ್ತದೆ. ಮನೆ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಒಂದು ಸಂಘದಲ್ಲಿ ಮಲಯಾಳದ ಕೆಲವು ಹೆಸರು ಹುಡುಕಿದರೆ ಸಿಗುತ್ತಿರಲಿಲ್ಲ. ಪರದೆಯ ಮೇಲೆ ಹೆಸರು ಕಣ್ಣಿಗೆ ಕಾಣುತ್ತದೆ. ಅದನ್ನೇ ಟೈಪ್ ಮಾಡಿ ಹುಡುಕಿದರೆ "ಇಲ್ಲ" ಎನ್ನುತ್ತದೆ. ಸಿಗದ ಹೆಸರುಗಳನ್ನು ಸಾಲಾಗಿ ಬರೆದು ನೋಡಿದಾಗ ಗೊತ್ತಾಯಿತು, ಎಲ್ಲದರಲ್ಲೂ ಚಿಲ್ಲಕ್ಷರ, ಅಂದರೆ ಸ್ವರ ಇಲ್ಲದ ವ್ಯಂಜನಕ್ಕೆ ಮಲಯಾಳದಲ್ಲಿರುವ ಬೇರೆ ಅಕ್ಷರ, ಇತ್ತು. ರಾಜನ್, ಸುಧಾಕರನ್ ಎಂಬ ಹೆಸರುಗಳ ಕೊನೆಯಲ್ಲಿ ಬರುವಂಥದ್ದು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಚಿಲ್ಲಕ್ಷರಗಳಿಗೆ ಅದರಲ್ಲಿ ಸ್ವಂತ ಕೋಡ್ ಸಿಕ್ಕಿದ್ದು 2008ರಲ್ಲಿ, 5.1ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ವ್ಯಂಜನ, ಚಂದ್ರಕ್ಕಲ (ಮಲಯಾಳದ ಅರ್ಧಾಕ್ಷರ ಚಿಹ್ನೆ) ಮತ್ತು ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತು ಸೇರಿಸಿ ಬರೆಯುತ್ತಿದ್ದರು. ಹಳೆಯ ಸಾಫ್ಟ್‌ವೇರಿನಿಂದ ಬಂದ ಹೆಸರು ಹಳೆಯ ಬಗೆಯದ್ದು, ಹೊಸ ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದು ಹೊಸ ಬಗೆಯದ್ದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಒಂದೇ ಅಕ್ಷರದ ಬೇರೆ ಬೇರೆ ಬರಹವನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್‌ನ ಸಾಮಾನ್ಯ ನಾರ್ಮಲೈಸೇಶನ್ ಕೂಡ ಇವೆರಡನ್ನು ಒಂದು ಮಾಡುವುದಿಲ್ಲ. ಹೆಸರು ಉಳಿಸುವಾಗಲೂ ಹುಡುಕುವಾಗಲೂ ಹಳೆಯದನ್ನು ಹೊಸದಕ್ಕೆ ಬದಲಿಸುವ ಸಾಲುಗಳನ್ನು ನಾವೇ ಬರೆಯಬೇಕು.

ಕೆಲಸ ಅರ್ಧ ದಿನದ್ದು. ಆದರೆ ಅದಕ್ಕೂ ಮುಂಚೆ ವಾರಗಟ್ಟಲೆ ಮನಸ್ತಾಪ ನಡೆದಿತ್ತು. ಯಾಕೆಂದರೆ ಕ್ಲಾರ್ಕ್ ಸೆಕ್ರೆಟರಿಗೆ "ಹೆಸರು ಬರ್ತಾ ಇಲ್ಲ" ಎಂದರು. ಸೆಕ್ರೆಟರಿ ಫೋನಿನಲ್ಲಿ "ಸರ್ಚ್ ಕೆಲಸ ಮಾಡ್ತಿಲ್ಲ" ಎಂದರು. ಸಾಫ್ಟ್‌ವೇರ್‌ನವರು ತಮ್ಮಲ್ಲಿ ಸರ್ಚ್ ಮಾಡಿ ನೋಡಿ "ಮಾಡ್ತಿದೆ" ಎಂದರು. ಮಾತು ಒಂದೊಂದು ಬಾಯಿ ದಾಟಿದಾಗಲೂ ವಿವರ ಉದುರಿಹೋಗಿತ್ತು.

ಇದಕ್ಕೆ ಒಂದು ಅಭ್ಯಾಸ ಸಾಕು. ತೊಂದರೆ ಕಂಡವರೇ ತೊಂದರೆ ಬರೆಯಲಿ, ಯಾವ ಭಾಷೆಯಲ್ಲಾದರೂ ಸರಿ. ಏನು ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು. ಜೊತೆಗೆ ಪರದೆಯ ಫೋಟೋ. ಸಾಧ್ಯವಾದರೆ ಪರದೆ ಹಂಚಿಕೊಂಡು ಕಣ್ಣೆದುರೇ ತೋರಿಸಲಿ. ರಶೀದಿಯಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ಬರುವುದೂ ಇದೇ ಜಾತಿಯ ದೋಷ. ಪರದೆಯಲ್ಲಿ ಸರಿ ಇರುತ್ತದೆ, ಕೌಂಟರಿನ ಸಣ್ಣ ಥರ್ಮಲ್ ಪ್ರಿಂಟರಿನ ಒಳಗೆ ಕನ್ನಡ ಅಕ್ಷರ ಇರುವುದಿಲ್ಲ. ರಶೀದಿಯನ್ನು ಚಿತ್ರವಾಗಿ ಕಳಿಸಿದರೆ ಆಯಿತು. ಆದರೆ ಆ ಪ್ರಿಂಟರ್ ಮಾದರಿ ಯಾವುದು ಎಂದು ಸಾಫ್ಟ್‌ವೇರ್‌ನವರಿಗೆ ಯಾರೂ ಹೇಳಿರುವುದಿಲ್ಲ.

ನಿಜವಾದ ಡೇಟಾ ಬೇಕು ಎಂದ ಕೂಡಲೇ ಸದಸ್ಯರ ಪಟ್ಟಿ ಪೂರ್ತಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಕೆಲಸ ಬೇರೆಯವರಿಗೆ ವಹಿಸಿದ್ದರೂ ಹೊಣೆ ಡೇಟಾ ಸಂಗ್ರಹಿಸಿದವರದ್ದೇ. ಆಧಾರ್, ಫೋನ್, ಖಾತೆ ಸಂಖ್ಯೆ ತೆಗೆದು, ತೊಂದರೆ ಕೊಡುವ ಹೆಸರುಗಳನ್ನಷ್ಟೇ ಕೊಡಿ.

ಲಕ್ಷಣ: ಒಬ್ಬರು "ಮುಗಿದಿದೆ" ಎನ್ನುತ್ತಾರೆ, ಇನ್ನೊಬ್ಬರು "ಶುರುವೇ ಆಗಿಲ್ಲ" ಎನ್ನುತ್ತಾರೆ

ಮುಗಿಯುವುದು ಎಂದರೆ ಏನು ಎಂದು ಮೊದಲೇ ಬರೆದಿದೆಯಾ ನೋಡಿ. "ಸ್ಟಾಕ್ ಮಾಡ್ಯೂಲ್ ಪೂರ್ಣ" ಎಂಬುದು ಬರೆದಂತಲ್ಲ. "ಡಿಸೆಂಬರಿನ ಖರೀದಿ ಚೀಟಿಗಳನ್ನು ಹಾಕಿದರೆ ತಿಂಗಳ ಕೊನೆಯ ಸ್ಟಾಕ್ ಕೈಬರಹದ ಪುಸ್ತಕದ ಲೆಕ್ಕಕ್ಕೆ ಹೊಂದಬೇಕು" ಎಂಬುದು ಬರೆದಂತೆ. ಇಂಥ ಸಾಲುಗಳನ್ನು ಕ್ಲೈಂಟ್‌ನ ಲೆಕ್ಕ ಬರೆಯುವವರೇ ಚೆನ್ನಾಗಿ ಬರೆಯುತ್ತಾರೆ.

ಕ್ಲೈಂಟ್‌ಗಳಿಗೆ ಸಾಮಾನ್ಯವಾಗಿ ಗೊತ್ತಿಲ್ಲದ ಒಂದು ವಿಷಯ ಇದೆ. ಸಾಫ್ಟ್‌ವೇರ್‌ನವರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರೆ, 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆ ಅವರಿಗೆ ಅನ್ವಯಿಸುತ್ತದೆ. ಕೆಲಸ ಒಪ್ಪಿಸಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಒಪ್ಪಿಕೊಂಡ ಹಾಗೆ ಎಂದು ಕಾಯ್ದೆ ಹೇಳುತ್ತದೆ. ಫೋನಿನಲ್ಲಿ ಬೈದದ್ದು ಲಿಖಿತ ಆಕ್ಷೇಪವಲ್ಲ. ಹಾಗಾಗಿ ಟೆಸ್ಟಿಂಗ್ ದಿನಗಳನ್ನು ಕ್ಯಾಲೆಂಡರ್ ನೋಡಿ ಇಡಿ. ಸಾಫ್ಟ್‌ವೇರ್‌ನವರು ಮಂಗಳೂರಿನವರಾದರೆ ಅವರಿಗೆ ಓಣಂ ಮಾಮೂಲಿ ವಾರ. ಕಾಸರಗೋಡಿನಲ್ಲಿ ಆಫೀಸೇ ಬಾಗಿಲು ಹಾಕಿರುತ್ತದೆ. ಸಂಘಗಳಿಗೆ ಮಾರ್ಚ್ ಕೊನೆಯಲ್ಲಿ ತಲೆ ಎತ್ತಲು ಹೊತ್ತಿರುವುದಿಲ್ಲ. ಅಡಿಕೆಯವರಿಗೆ ಒಣಗಿಸಿ ಮಾರುವ ಬೇಸಿಗೆ ತಿಂಗಳು ಬೇಡವೇ ಬೇಡ. ಈ ದಿನಗಳಲ್ಲಿ ಒಪ್ಪಿಸಿದ ಕೆಲಸವನ್ನು ಯಾರೂ ತೆರೆದು ನೋಡುವುದಿಲ್ಲ. ಆಮೇಲೆ "ಕೊಟ್ಟಿದ್ದೆವಲ್ಲ", "ನೋಡಲಿಲ್ಲವಲ್ಲ" ಎಂಬ ಮಾತು ಬರುತ್ತದೆ.

ಲಕ್ಷಣ: ಬಿಲ್ ಬಾಕಿ

ಇಲ್ಲಿ ಎರಡು ತರದ ಬಾಕಿ ಇದೆ, ಬೇರೆ ಬೇರೆಯಾಗಿ ನೋಡಿ. ಕೊಡಲು ಮನಸ್ಸಿಲ್ಲದ ಬಾಕಿಗೆ ಕಾರಣ ಮೇಲಿನ ವಿಭಾಗಗಳಲ್ಲೇ ಸಿಗುತ್ತದೆ. ಮನಸ್ಸಿದ್ದೂ ನಿಂತ ಬಾಕಿ ಕಾಗದದ್ದು, ಅದು ಬೇಗ ಸರಿಯಾಗುತ್ತದೆ.

ಗಡಿ ದಾಟುವ ಬಿಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಜಿಎಸ್‌ಟಿ. ಮಂಗಳೂರಿನವರು ಕಾಸರಗೋಡಿನವರಿಗೆ ಬಿಲ್ ಮಾಡಿದರೆ ಅದು ಕರ್ನಾಟಕದಿಂದ ಕೇರಳಕ್ಕೆ ಕೊಟ್ಟ ಸೇವೆ. ರಾಜ್ಯ ದಾಟುವ ವ್ಯವಹಾರಕ್ಕಿರುವ ಐಜಿಎಸ್‌ಟಿಯನ್ನು ಶೇಕಡಾ 18ರಂತೆ ಹಾಕಬೇಕು. ಅಭ್ಯಾಸಬಲದಿಂದ 9 ಮತ್ತು 9 ಎಂದು, ರಾಜ್ಯದೊಳಗಿನ ವ್ಯವಹಾರಕ್ಕಿರುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಕಳಿಸುತ್ತಾರೆ. ಮೊತ್ತ ಒಂದೇ, ಆದರೆ ಕ್ಲೈಂಟ್‌ನ ಅಕೌಂಟೆಂಟ್ ಆ ಬಿಲ್ಲನ್ನು ಬದಿಗಿಡುತ್ತಾರೆ. ಯಾಕೆ ಬದಿಗಿಟ್ಟರು ಎಂದು ತಿಳಿಸುವವರಿಲ್ಲ. ಸಾಫ್ಟ್‌ವೇರ್‌ನವರು ದುಡ್ಡು ತಡೆಹಿಡಿದರು ಎಂದುಕೊಳ್ಳುತ್ತಾರೆ. ತಿಂಗಳು ಕಳೆಯುತ್ತದೆ.

ಎರಡನೆಯದು ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಒಂದು ಲಕ್ಷ ರೂಪಾಯಿಯ ಕೆಲಸಕ್ಕೆ ಜಿಎಸ್‌ಟಿ ಸೇರಿ 1,18,000 ರೂಪಾಯಿಯ ಬಿಲ್. ಕ್ಲೈಂಟ್ ಶೇಕಡಾ 10 ಟಿಡಿಎಸ್ ಹಿಡಿದರೆ ಕೈಗೆ ಬರುವುದು 1,08,000. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಹಿಡಿಯುವುದು ಒಂದು ಲಕ್ಷದ ಮೇಲೆ ಮಾತ್ರ. ತಾಂತ್ರಿಕ ಸೇವೆ ಎಂದಾದರೆ ದರ ಶೇಕಡಾ 2, ವೃತ್ತಿಪರ ಸೇವೆ ಎಂದಾದರೆ 10. ಯಾವುದು ಎಂದು ಮೊದಲ ಬಿಲ್ಲಿಗೆ ಮುಂಚೆಯೇ ಇಬ್ಬರ ಅಕೌಂಟೆಂಟ್‌ಗಳು ಫೋನಿನಲ್ಲಿ ಮಾತಾಡಿಕೊಂಡರೆ ಸಾಕು. "ಹತ್ತು ಸಾವಿರ ಕಡಿಮೆ ಹಾಕಿದ್ದಾರೆ" ಎಂಬ ಬೇಸರ ಎಷ್ಟೋ ಒಳ್ಳೆಯ ಸಂಬಂಧವನ್ನು ಕೆಡಿಸಿದೆ.

ಉದ್ಯಮ್ ನೋಂದಣಿ ಇರುವ ಸಣ್ಣ ಸಪ್ಲೈಯರ್‌ಗೆ ಮೇಲೆ ಹೇಳಿದ ಎಂಎಸ್‌ಎಂಇ ಕಾಯ್ದೆಯ ಬಲವೂ ಇದೆ. ಲಿಖಿತ ಒಪ್ಪಂದ ಇದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಸಪ್ಲೈಯರ್ ಇರುವ ರಾಜ್ಯದ ಮಂಡಳಿಯೇ ಅದನ್ನು ನೋಡುತ್ತದೆ. ಆದರೆ ಅದು ಸಂಬಂಧ ಮುಗಿಸಲು ಸಿದ್ಧರಾದ ಮೇಲೆ ಹಿಡಿಯುವ ದಾರಿ ಎಂಬುದು ನನ್ನ ಅಭಿಪ್ರಾಯ. ಮುಂದುವರಿಯುವ ಮನಸ್ಸಿದ್ದರೆ ಕಂತುಗಳನ್ನು ಸಣ್ಣದು ಮಾಡಿ. ಅಡ್ವಾನ್ಸ್ ಅರ್ಧ, ಕೊನೆಗೆ ಅರ್ಧ ಎಂಬ ಕ್ರಮದಲ್ಲಿ ಮೊದಲು ಕ್ಲೈಂಟ್ ಹೆದರುತ್ತಾರೆ, ಆಮೇಲೆ ಸಪ್ಲೈಯರ್. ತೋರಿಸಿದ ಕೆಲಸಕ್ಕೆ ಆಗಾಗ ಸಣ್ಣ ಕಂತು ಬಂದರೆ ಇಬ್ಬರೂ ನೆಮ್ಮದಿಯಾಗಿ ಇರುತ್ತಾರೆ.

ಲಕ್ಷಣ: "ಇದೊಂದು ಚಿಕ್ಕದು, ಮಾಡಿಬಿಡಿ"

ಇದು ದೋಷವಾ, ಹೊಸ ಬೇಡಿಕೆಯಾ? ಬರೆದದ್ದಕ್ಕೆ ವಿರುದ್ಧ ನಡೆದರೆ ದೋಷ, ಸಪ್ಲೈಯರ್ ಖರ್ಚಿನಲ್ಲಿ ಸರಿಯಾಗಬೇಕು. ಬರೆದೇ ಇಲ್ಲದಿದ್ದರೆ ಹೊಸ ಬೇಡಿಕೆ, ಕ್ಲೈಂಟ್ ಖರ್ಚು. ಕಷ್ಟ ಇರುವುದು ನಡುವಿನದ್ದರಲ್ಲಿ. ಅಡಿಕೆಯ ತೂಕ ಇಳಿಯುವುದನ್ನು ಕ್ಲೈಂಟ್ ಹೇಳಲಿಲ್ಲ, ಸಪ್ಲೈಯರ್ ಕೇಳಲಿಲ್ಲ. ಇಂಥದ್ದಕ್ಕೆ ಖರ್ಚನ್ನು ಅರ್ಧ ಅರ್ಧ ಮಾಡಿ ಎಂದು ನಾನು ಹೇಳುತ್ತೇನೆ. ಎಷ್ಟು ವಾದಿಸಿದರೂ ಅದಕ್ಕಿಂತ ನ್ಯಾಯವಾದ ದಾರಿ ನನಗೆ ಕಂಡಿಲ್ಲ.

ಒಪ್ಪಂದದ ಬಗೆಯೂ ಜಗಳದ ಬಗೆಯನ್ನು ತೀರ್ಮಾನಿಸುತ್ತದೆ. ಒಟ್ಟು ಮೊತ್ತಕ್ಕೆ ಒಪ್ಪಿದ ಕೆಲಸದಲ್ಲಿ ಸಪ್ಲೈಯರ್ ಪ್ರತಿ ಹೊಸ ಮಾತಿಗೂ ಮುಖ ಗಂಟಿಕ್ಕುತ್ತಾರೆ. ಗಂಟೆ ಲೆಕ್ಕದ ಕೆಲಸದಲ್ಲಿ ಕ್ಲೈಂಟ್ ಪ್ರತಿ ಗಂಟೆಯನ್ನೂ ಅನುಮಾನಿಸುತ್ತಾರೆ. ಗೊತ್ತಿರುವ ಭಾಗಕ್ಕೆ ಒಟ್ಟು ಮೊತ್ತ, ಹುಡುಕಿ ತಿಳಿಯಬೇಕಾದ ಭಾಗಕ್ಕೆ ಮಿತಿ ಹಾಕಿದ ಗಂಟೆ ಲೆಕ್ಕ. ಸಣ್ಣ ಕೆಲಸಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ.

ಲಕ್ಷಣ: ಕೀಲಿ ಯಾರ ಕೈಯಲ್ಲಿದೆ ಎಂದು ಗೊತ್ತಿಲ್ಲ

ಎಲ್ಲ ಚೆನ್ನಾಗಿರುವಾಗಲೇ ಮಾಡಬೇಕಾದ ತಪಾಸಣೆ ಇದು. ಡೊಮೇನ್ (ಜಾಲತಾಣದ ವಿಳಾಸ) ಯಾರ ಹೆಸರಲ್ಲಿ ನೋಂದಣಿಯಾಗಿದೆ? ಸರ್ವರ್ ಬಿಲ್ ಯಾರ ಕಾರ್ಡಿನಿಂದ ಹೋಗುತ್ತದೆ? ಒಟಿಪಿ ಯಾರ ಫೋನಿಗೆ ಬರುತ್ತದೆ? ಸಪ್ಲೈಯರ್ ಕಚೇರಿಯ ಹುಡುಗನೊಬ್ಬನ ನಂಬರಿಗೆ ಬರುತ್ತಿದ್ದು, ಅವನು ಕೆಲಸ ಬಿಟ್ಟು ದುಬೈಗೆ ಹೋಗಿದ್ದರೆ ಇಬ್ಬರೂ ಹೊರಗೇ ಉಳಿಯುತ್ತಾರೆ. ಡೊಮೇನ್ ಮತ್ತು ಸರ್ವರ್ ಖಾತೆ ಕ್ಲೈಂಟ್ ಹೆಸರಲ್ಲಿರಲಿ, ಸಪ್ಲೈಯರ್‌ಗೆ ಕೆಲಸ ಮಾಡುವ ಅನುಮತಿ ಇರಲಿ.

ಸೋರ್ಸ್ ಕೋಡಿನ, ಅಂದರೆ ಸಾಫ್ಟ್‌ವೇರಿನ ಮೂಲ ಬರಹದ, ವಿಷಯದಲ್ಲಿ ತುಂಬ ಜನ ತಪ್ಪು ತಿಳಿದಿದ್ದಾರೆ. "ದುಡ್ಡು ಕೊಟ್ಟು ಮಾಡಿಸಿದ್ದು, ನಮ್ಮದೇ ಅಲ್ವಾ?" ಎನ್ನುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಬರುತ್ತದೆ. ಹೊರಗಿನ ಕಂಪನಿಯಿಂದ ಮಾಡಿಸಿದಾಗ, ಲಿಖಿತವಾಗಿ, ಸಹಿಯೊಂದಿಗೆ ವರ್ಗಾಯಿಸದಿದ್ದರೆ ಹಕ್ಕು ಸಾಮಾನ್ಯವಾಗಿ ಮಾಡಿದವರಲ್ಲೇ ಉಳಿಯುತ್ತದೆ. ವರ್ಗಾಯಿಸುವ ಪತ್ರದಲ್ಲಿ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಶಾರ್ಜಾದಲ್ಲಿ ಅಂಗಡಿ ಇರುವ ಉಪ್ಪಳದವರಿಗೆ ಆ ಕೊನೆಯ ಸಾಲು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಾಗಿಲ್ಲ. ಸಪ್ಲೈಯರ್‌ಗಳೂ ಇದನ್ನು ಮುಚ್ಚಿಡಬಾರದು. ತಮ್ಮ ಹಳೆಯ ಕೋಡನ್ನು ಹಲವು ಕಡೆ ಬಳಸುವವರು ಅದನ್ನು ಮೊದಲೇ ಹೇಳಿ, "ಈ ಭಾಗ ನಿಮ್ಮದು, ಈ ಭಾಗ ಬಳಸಲು ಅನುಮತಿ ಮಾತ್ರ" ಎಂದು ಬರೆದುಕೊಟ್ಟರೆ ಕ್ಲೈಂಟ್‌ಗಳು ಒಪ್ಪುತ್ತಾರೆ. ಆಮೇಲೆ ಗೊತ್ತಾದರೆ ಮಾತ್ರ ಮೋಸ ಹೋದೆವು ಅನ್ನಿಸುವುದು.

ಲಕ್ಷಣ: ಫೋನ್ ಎತ್ತುವುದಿಲ್ಲ

ಸಪ್ಲೈಯರ್ ಫೋನ್ ಎತ್ತದಿದ್ದರೆ ಹೆಚ್ಚಾಗಿ ಕೆಟ್ಟ ಸುದ್ದಿ ಇದೆ, ಹೇಳಲು ಧೈರ್ಯವಿಲ್ಲ. ಕೆಲಸ ಮಾಡುತ್ತಿದ್ದವರು ಬಿಟ್ಟು ಹೋಗಿರಬಹುದು. ಕ್ಲೈಂಟ್ ಎತ್ತದಿದ್ದರೆ ದುಡ್ಡಿಲ್ಲ, ಅಥವಾ ಒಳಗೆ ಇನ್ನೊಬ್ಬರು ಈ ಕೆಲಸಕ್ಕೆ ವಿರೋಧ ಇದ್ದಾರೆ. ಮತ್ತೆ ಮತ್ತೆ ಫೋನ್ ಮಾಡಬೇಡಿ. ಎದುರಿಗೆ ಹೋಗಿ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್, ರೈಲೂ ಇದೆ, ಬಸ್ಸೂ ಇದೆ. ಹೋಗಿ ಕೂತು "ಏನಾದರೂ ತೊಂದರೆ ಉಂಟಾ?" ಎಂದು ಕೇಳಿದರೆ ಹೇಳದೆ ಇರುವವರು ಕಡಿಮೆ. ಕೆಟ್ಟ ಸುದ್ದಿ ಹೇಳಿದವರ ಮೇಲೆ ಆ ದಿನ ರೇಗಬೇಡಿ. ರೇಗಿದರೆ ಮುಂದಿನ ಕೆಟ್ಟ ಸುದ್ದಿ ನಿಮಗೆ ಬರುವುದಿಲ್ಲ.

ಸರಿಪಡಿಸಲು ಆಗದ್ದು

ಕೆಲವು ಸಂಬಂಧ ಬಿಡುವುದೇ ಒಳ್ಳೆಯದು. ಕ್ಲೈಂಟ್ ಕಡೆಯಲ್ಲಿ ತೀರ್ಮಾನಿಸುವವರ ಹೆಸರು ಬರೆದುಕೊಡಲು ಪದೇ ಪದೇ ಕೇಳಿದರೂ ಯಾರೂ ಮುಂದೆ ಬರುವುದಿಲ್ಲವೆಂದರೆ ಸಪ್ಲೈಯರ್ ಹೊರಗೆ ಬರಲಿ. ಕೆಲಸ ನಡೆಯುತ್ತಿರುವುದನ್ನು ಪರದೆಯ ಮೇಲೆ ತೋರಿಸದೆ ಶೇಕಡಾ ಲೆಕ್ಕ ಮಾತ್ರ ಹೇಳುವ ಸಪ್ಲೈಯರ್ ಆದರೆ ಕ್ಲೈಂಟ್ ಹೊರಗೆ ಬರಲಿ.

ಬಿಡುವಾಗ ಕ್ರಮ ಹೀಗಿರಲಿ. ಮೊದಲು ಡೇಟಾದ ಪೂರ್ತಿ ಬ್ಯಾಕಪ್, ಆಮೇಲೆ ಪಾಸ್‌ವರ್ಡ್‌ಗಳು, ಆಮೇಲೆ ಒಪ್ಪಂದದಲ್ಲಿರುವ ಸೋರ್ಸ್ ಕೋಡ್, ಕೊನೆಗೆ ಲೆಕ್ಕ ಚುಕ್ತಾ. ಬ್ಯಾಕಪ್ ಸಿಕ್ಕಿತು ಎಂದು ಸಹಿ ಹಾಕುವ ಮೊದಲು ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಗೊತ್ತಿರುವ ಹತ್ತು ಸದಸ್ಯರ ಬಾಕಿಯನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿ. ಹತ್ತೂ ಹೊಂದಿದರೆ ಕೊನೆಯ ಕಂತನ್ನು ಅದೇ ದಿನ ಕೊಟ್ಟುಬಿಡಿ.